ಬಂಗ್ಡೆಯನ್ನು ಕರೆಯಬಾರದು

ನಾಯಿ ಬರದಿದ್ದರೆ ತಾನೂ ಬರುವುದಿಲ್ಲ ಎಂದು ತಂಗಿಯ ಮಗಳು ನವ್ಯಾ ಹಟ ಹಿಡಿದದ್ದಕ್ಕೆ ಬಂಗ್ಡೆಯನ್ನೂ ರಿಕ್ಷಾಕ್ಕೆ ಹತ್ತಿಸಿಕೊಂಡೆ. ಮರಿಯಾಗಿದ್ದಾಗ ನಾವುಂದದ ಕಡಲದಂಡೆಯಲ್ಲಿ ನನ್ನ ಬುಟ್ಟಿಯಿಂದ ಬಂಗಡೆ ಮೀನು ಕದ್ದು, ನನ್ನಿಂದಲೇ ಪೆಟ್ಟು ತಿಂದು, ಕೊನೆಗೆ ನನ್ನ ಮನೆಯಲ್ಲೇ ಬಿದ್ದುಕೊಂಡ ನಾಯಿ ಅದು. ನವ್ಯಾಳಿಗೆ ಎಂಟು ವರ್ಷ, ಅವಳ ತಮ್ಮ ಅನೂಪನಿಗೆ ಐದು. ಗುಡ್ಡದ ತುದಿಯಿಂದ ನಮ್ಮ ಕಡಲು ಕಾಣುತ್ತದೆ ಎಂದು ಬಾಯಿತಪ್ಪಿ ಹೇಳಿದ್ದೆ. ರಜೆ ಶುರುವಾದಂದಿನಿಂದ ಇಬ್ಬರೂ ನನ್ನ ಜೀವ ತಿನ್ನುತ್ತಿದ್ದರು.

ಗುಡ್ಡದ ಬುಡದಲ್ಲಿ ನನ್ನ ಸ್ನೇಹಿತ ಹಿರಿಯಣ್ಣನ ಮನೆ. ಪ್ರತಿ ಬೇಸಿಗೆಯಲ್ಲಿ ಅವರಿಗೆ ಮಳೆಗಾಲಕ್ಕಾಗುವಷ್ಟು ಒಣಮೀನು ನಾನು ಕೊಡುತ್ತೇನೆ, ಅವನು ಗೇರುಬೀಜ ಕೊಡುತ್ತಾನೆ. ಈ ಸಲವೂ ಒಂದು ಚೀಲ ಒಣ ಬಂಗಡೆಯನ್ನು ಅವನ ಹೆಂಡತಿ ಗೋಮತಿಯ ಕೈಗೆ ಕೊಟ್ಟೆ. ನಮ್ಮ ಜೊತೆ ಗುಡ್ಡ ಹತ್ತಲು ಹೊರಟ ಹಿರಿಯಣ್ಣ ತನ್ನ ನಾಯಿ ಕರಿಯನ ಕುತ್ತಿಗೆಗೆ ಹಗ್ಗ ಹಾಕಿ, ಇನ್ನೊಂದು ಹಗ್ಗವನ್ನು ನನ್ನ ಕಡೆ ಚಾಚಿದ.

"ದೇವು, ನಿನ್ ನಾಯಿನೂ ಕಟ್ಟ್. ಮೇಲೆ ಕರಡಿ ಇತ್ತ್. ಗೇರ್‌ಹಣ್ಣ್ ತಿಂಬುಕ್ ಬತ್ತ್."

"ಕಟ್ಟುದ್ ಬ್ಯಾಡ ಮಾವ, ಅದ್ ಅಳತ್ತ್" ಎಂದಳು ನವ್ಯಾ.

"ನನ್ ನಾಯಿನ ನಾನ್ ಯಾವತ್ತೂ ಕಟ್ಟದ್ದಿಲ್ಲೆ" ಎಂದೆ. "ಒಂದ್ ಕೂಗ್ ಹಾಕ್ರೆ ಪಕ್ಕದೂರ್ ತ್ರಾಸಿಯಗಿದ್ರೂ ಓಡಿ ಬತ್ತ್."

"ಅದೇ ತಾಪತ್ರಯ ಮಾರಾಯಾ. ಓಡಿ ಬಪ್ಪುದ್ ನಿನ್ನ ಕಾಲ್ಬುಡಕ್ಕೆ. ಅದ್ರ ಹಿಂದೆ ಕರಡಿಯೂ ಬತ್ತ್." ಆಮೇಲೆ ಮಕ್ಕಳಿಗೆ ಹೇಳಿದ, "ದೊಡ್ಡಕ್ಕೆ ಮಾತಾಡ್ಕಂಡ್ ಬನ್ನಿ. ಗಲಾಟಿ ಕೇಂಡ್ರೆ ಅದೇ ದೂರ ಹೋತ್ತ್."

"ನಿಮ್ ಮಾವ ಬಾಯಿ ಬಿಟ್ರೆ ಸಾಕ್, ಕರಡಿ ಘಟ್ಟ ಹತ್ತತ್ತ್" ಎಂದು ಗೋಮತಿ ನಕ್ಕಳು.

ಹಗ್ಗವನ್ನು ಅಲ್ಲೇ ಜಗಲಿಯ ಮೇಲೆ ಎಸೆದು ಹೊರಟೆ.

ಅರ್ಧ ಗುಡ್ಡದವರೆಗೆ ಗಲಾಟೆಗೆ ಕೊರತೆ ಇರಲಿಲ್ಲ. ಕರಡಿ ಮೀನು ತಿನ್ನುತ್ತದಾ, ಈಜುತ್ತದಾ ಎಂದು ಅನೂಪ ಕೇಳಿದ್ದನ್ನೇ ಕೇಳಿದ. ಆಮೇಲೆ ಏರು ಕಡಿದಾಯಿತು. ಅವನು ನನ್ನ ಹೆಗಲೇರಿದ. ಎಲ್ಲರಿಗೂ ಏದುಸಿರು, ಮಾತು ನಿಂತಿತು. ಬೆಳಗಿನ ಗಾಳಿ ಗುಡ್ಡದಿಂದ ನಮ್ಮ ಮುಖಕ್ಕೇ ಬೀಸುತ್ತಿತ್ತು.

ಕರಿಯ ನಿಂತುಬಿಟ್ಟಿತು. ಮುಂದೆ ಹುತ್ತದ ಬಳಿ ಕಪ್ಪಗಿನದೇನೋ ಬೆನ್ನು ಬಗ್ಗಿಸಿಕೊಂಡು ಮಣ್ಣು ಕೆದಕುತ್ತಿತ್ತು. ಕರಡಿ ನಮ್ಮನ್ನು ನೋಡಿರಲಿಲ್ಲ. ಆದರೆ ಬಂಗ್ಡೆ ಬೊಗಳುತ್ತಾ ನುಗ್ಗಿತು. ಕರಡಿ ಹಿಂಗಾಲ ಮೇಲೆ ಎದ್ದು ಗರ್ಜಿಸಿತು. ಎರಡೂ ಪೊದೆಯೊಳಗೆ ಮರೆಯಾದವು. ಗಿಡ ಮುರಿಯುವ ಸದ್ದು, ನಡುವೆ ಬಂಗ್ಡೆಯ ಕುಂಯ್ ಎಂಬ ದನಿ.

ಕರೆಯಲು ನಾನು ಬಾಯಿ ತೆರೆದಿದ್ದೆ. "ಕೂಗ್ಬೇಡ" ಎಂದು ಹಿರಿಯಣ್ಣ ಪಿಸುಗುಟ್ಟಿದ. ಅನೂಪನ ಎರಡು ಪುಟ್ಟ ಕಾಲುಗಳು ನನ್ನ ಎದೆಯ ಮೇಲೆ ಇಳಿಬಿದ್ದಿದ್ದವು. ಬಾಯಿ ಮುಚ್ಚಿದೆ. ಅಷ್ಟರಲ್ಲಿ ನವ್ಯಾ "ಬಂ..." ಎಂದಳು. ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಕಚ್ಚಿದಳು, ರಕ್ತ ಬರುವ ಹಾಗೆ. ಕೈ ತೆಗೆಯಲಿಲ್ಲ. ಹಾಗೆಯೇ ಹಿಂದೆ ಹಿಂದೆ ಹೆಜ್ಜೆ ಇಟ್ಟು, ಸದ್ದಿಲ್ಲದೆ ಕೆಳಗಿಳಿದೆವು.

ಅಂಗಳಕ್ಕೆ ಬಂದ ಮೇಲೆ ನವ್ಯಾ ಒಂದೇ ಮಾತು ಹೇಳಿದಳು. "ಅದ್ ನಿನ್ನ ಕರೀತಿತ್ತ್. ನೀನ್ ಕರೀಲಿಲ್ಲೆ."

"ಹೌದ್, ಕರೀಲಿಲ್ಲೆ. ಎಂತ ಈಗ?" ಎಂದು ರೇಗಿದೆ. ಅವಳು ದನದ ಕೊಟ್ಟಿಗೆಯ ಮೂಲೆಗೆ ಹೋಗಿ ಕೂತಳು. ಊಟಕ್ಕೂ ಬರಲಿಲ್ಲ. ನನಗೂ ಅನ್ನ ಇಳಿಯಲಿಲ್ಲ.

ಮಧ್ಯಾಹ್ನ ಕಳೆದು ಗಾಳಿ ತಿರುಗಿತು. ಆ ಹೊತ್ತಿಗೆ ಗಾಳಿ ಕಡಲಿನಿಂದ ಗುಡ್ಡಕ್ಕೆ ಬೀಸುತ್ತದೆ. ಎದ್ದು ಒಳಗೆ ಹೋಗಿ ಒಣಮೀನಿನ ಚೀಲ ತಂದೆ. ಅಂಗಳದ ಕಲ್ಲೊಲೆಯಲ್ಲಿ ಕೆಂಡ ಮಾಡಿ ಬಂಗಡೆ ಸುಡತೊಡಗಿದೆ.

"ಅಷ್ಟೂ ಸುಟ್ರೆ ಮಳ್ಗಾಲಕ್ಕೆ ನಾವೆಂತ ತಿಂಬುದ್?" ಎಂದಳು ಗೋಮತಿ.

"ಇನ್ನೊಂದ್ ಚೀಲ ತತ್ತೆ. ಸುಮ್ನಿರ್ ಮಾರಾಯ್ತಿ."

"ಕರಡಿ ಬಂದ್ರೆ ಅದ್ಕೂ ಒಂದ್ ಎಲೆ ಹಾಕ್" ಎಂದ ಹಿರಿಯಣ್ಣ. ಆದರೂ ಕೊಟ್ಟಿಗೆಯ ಹಿಂದಿನಿಂದ ಒಂದು ಹೊರೆ ಸೌದೆ ತಂದು ಹಾಕಿದ.

ಹೊಗೆ ಮೀನಿನ ವಾಸನೆ ಹೊತ್ತು ಗುಡ್ಡದ ಕಡೆಗೆ ಹೋಗುತ್ತಿತ್ತು. ಮೊರದಂಥ ಗೆರಸೆಯಲ್ಲಿ ಗಾಳಿ ಹಾಕಿ ಹಾಕಿ, ನವ್ಯಾ ಕಚ್ಚಿದ್ದ ನನ್ನ ಕೈ ಊದಿಕೊಂಡಿತು. ಯಾವಾಗಲೋ ನವ್ಯಾ ಬಂದು ಪಕ್ಕದಲ್ಲಿ ನಿಂತಿದ್ದಳು. ನನ್ನ ಮುಖ ನೋಡದೆ ಗೆರಸೆ ಕಿತ್ತುಕೊಂಡು ತಾನೇ ಬೀಸತೊಡಗಿದಳು.

ಹೊತ್ತು ಇಳಿಯುವಾಗ ಕರಿಯ ಬಾಲ ಅಲ್ಲಾಡಿಸಿತು. ಗೇರು ಮರಗಳ ನಡುವಿನಿಂದ ಬಂಗ್ಡೆ ಕುಂಟುತ್ತಾ ಬಂತು. ಒಂದು ಕಿವಿ ಹರಿದಿತ್ತು. ನನ್ನನ್ನು ದಾಟಿ ಹೋಗಿ ನವ್ಯಾಳ ಹಿಂದೆ ಕೂತಿತು.

"ಕಳ್ ನಾಯಿ, ಕರಡಿ ಹತ್ರ ನಿಂಗೆಂತ ಕೆಲ್ಸ" ಎಂದು ಬೈಯುತ್ತಲೇ ಸುಟ್ಟ ಮೀನಿನ ಮುಳ್ಳು ಬಿಡಿಸಿ ಅದರ ಮುಂದೆ ಇಟ್ಟೆ.

ನವ್ಯಾ ನನ್ನ ಕೈ ನೋಡಿದಳು. "ಸೂಜಿ ಚುಚ್ಚಸ್ಕಣ್ಕಾ ಮಾವ?"

"ನಾಯಿ ಕಚ್ಚಿದ್ರೆ ಸೂಜಿ ಇತ್ತ್. ನೀನ್ ಕಚ್ಚಿದ್ದಕ್ಕೆ ಇಲ್ಲೆ."

ಅವಳು ಜಗಲಿಗೆ ಹೋಗಿ ಆ ಹಗ್ಗ ತಂದಳು. ದೋಣಿ ಕಟ್ಟಲು ನಾನು ಕಲಿಸಿದ್ದ ಗಂಟನ್ನೇ ಹಾಕಿ ಬಂಗ್ಡೆಯನ್ನು ಕಟ್ಟಿದಳು. ಇನ್ನೊಂದು ತುದಿಯನ್ನು ನನಗೆ ಕೊಟ್ಟಳು, ತಾನು ಕಚ್ಚದ ಕೈಗೆ.