ಗೋಡೆಯ ಕಡೆಯ ಕೊಂಬೆ

“ಓರೆ ಮಾಡು, ಓರೆ ಮಾಡು... ಅಯ್ಯೋ, ಅಷ್ಟಲ್ಲಮ್ಮ!”

ಅಡುಗೆಮನೆಯ ಬಾಗಿಲಲ್ಲಿ ಒಂದು ಮರ ಸಿಕ್ಕಿಕೊಂಡಿತ್ತು. ಬೇರು, ಬುಡ, ಕೊಂಬೆ, ಎಲೆ, ಯಾವುದಕ್ಕೂ ಕೊರತೆಯಿಲ್ಲದ ಎಲ್ಮ್ ಮರ. ಎತ್ತರ ಮಾತ್ರ ಎರಡೂವರೆ ಅಡಿ. ಅದು ಕೂತಿದ್ದ ಅಗಲವಾದ ಮಣ್ಣಿನ ತಟ್ಟೆಯ ಒಂದು ತುದಿಯನ್ನು ಹಿಡಿದಿದ್ದವನು ಸತ್ತವನ ತಮ್ಮ. ಕ್ರೇನ್ ಓಡಿಸುವವನು, ಹಳ್ಳಕ್ಕೆ ಬಿದ್ದ ಲಾರಿಗಳನ್ನು ಎಳೆದು ಮೇಲೆ ಹಾಕಿಯೇ ತಲೆ ನರೆತವನು. ಇನ್ನೊಂದು ತುದಿಯಲ್ಲಿ ಸತ್ತವನ ಮಗಳು. ಚಿಕ್ಕಪ್ಪ ಹಿಡಿ ಎಂದಿದ್ದ, ಅವಳು ಹಿಡಿದಿದ್ದಳು. ಹಜಾರದಲ್ಲಿ ಶವದ ಪೆಟ್ಟಿಗೆ ಇತ್ತು, ಅದರ ಸುತ್ತ ಜನ. ಮೂರು ಗಂಟೆಗೆ ಹೊರಡಬೇಕು.

“ಎಲ್ಲಿಗಪ್ಪಾ ಹೊತ್ಕೊಂಡು ಹೊರಟೆ ಅದನ್ನ?” ಅತ್ತಿಗೆ ಎದ್ದು ಬಂದಳು.

“ಅಣ್ಣನ ಜೊತೆಗೆ, ಅತ್ತಿಗೆ. ಅವನ ತಲೆ ಹತ್ರ ನೆಟ್ಟುಬಿಡೋಣ. ಪಕ್ಕದಲ್ಲೇ ಇನ್ನೊಂದು ಚಿಕ್ಕ ಗುಂಡಿ ತೋಡೋಕೆ ಹೇಳಿದ್ದೀನಿ. ಇಪ್ಪತ್ತೆಂಟು ವರ್ಷದಿಂದ ಈ ತಟ್ಟೇಲಿ ಕಾಲು ಮಡಚಿಕೊಂಡು ಕೂತಿದೆ ಪಾಪದ್ದು. ಇವತ್ತಾದ್ರೂ ಚಾಚ್ಲಿ.”

ಹಜಾರದಲ್ಲಿದ್ದವರೆಲ್ಲ ತಲೆಯಾಡಿಸಿದರು. ಎಂಥ ತಮ್ಮ, ಎಂಥ ಯೋಚನೆ ಎಂದು ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡಳು. ಸುಮ್ಮನಿರಲಾಗದೆ ಚಡಪಡಿಸಿದವರು ಮೇಷ್ಟ್ರು ಒಬ್ಬರೇ. ಸತ್ತವನಿಗೆ ಈ ಬೋನ್ಸಾಯ್ ಹುಚ್ಚು ಹಿಡಿಸಿದ ಪುಣ್ಯಾತ್ಮರು ಅವರೇ.

“ಸಾಯಲ್ವೇನ್ರೀ ಅದು?” ಎಂದು ಅತ್ತಿಗೆ ಅವರನ್ನು ಕೇಳಿದಳು.

“ಸಾಯೋದೇನು, ಕೊಬ್ಬಿ ಬೆಳೆಯುತ್ತೆ. ಎರಡೇ ವರ್ಷ, ಪೊದೆ ಆಗಿಬಿಡುತ್ತೆ. ಆಮೇಲೆ ಇವನು ಮಾಡಿದ್ದು ಏನು ಅಂತ ಹುಡುಕಿದ್ರೂ ಸಿಗಲ್ಲ.”

“ಮಾಡಿದವನೇ ಹೋದನಲ್ಲ ಮೇಷ್ಟ್ರೇ,” ಎಂದ ತಮ್ಮ. ದನಿ ಒರಟಾಗಿತ್ತು. “ಇನ್ನು ಯಾರು ನೋಡ್ಕೋತಾರೆ ಇದನ್ನ?”

ಅತ್ತಿಗೆ ತಟ್ಟೆಯ ಮಣ್ಣನ್ನು ಬೆರಳಲ್ಲಿ ಒತ್ತಿ ನೋಡಿದಳು. ನೀರು ಹಾಕುವುದೊಂದು ಬಿಟ್ಟರೆ ಆ ಮರದ ವಿಷಯ ಅವಳಿಗೂ ಹೆಚ್ಚು ಗೊತ್ತಿರಲಿಲ್ಲ. ಇದ್ದ ಒಬ್ಬ ಮೈದುನನ ಮನಸ್ಸು ನೋಯಿಸುವುದು ಇವತ್ತು ಅವಳಿಂದ ಆಗುವ ಕೆಲಸವೂ ಅಲ್ಲ. “ನಿನಗೆ ಹೇಗೆ ತೋಚುತ್ತೋ ಹಾಗೆ ಮಾಡಪ್ಪ,” ಎಂದುಬಿಟ್ಟಳು.

*

ಇಪ್ಪತ್ತೆಂಟು ವರ್ಷದ ಹಿಂದೆ ರಸ್ತೆ ಅಗಲ ಮಾಡುವ ಕೆಲಸ ಶುರುವಾಗಿತ್ತು. ಅಂಚಿನಲ್ಲಿ ಎಲ್ಮ್ ಗಿಡಗಳ ಒಂದು ಹಳೇ ಬೇಲಿ. ವರ್ಷ ವರ್ಷ ಮೊಣಕಾಲೆತ್ತರಕ್ಕೆ ಕತ್ತರಿಸಿ ಕತ್ತರಿಸಿ, ಬುಡ ತೊಡೆಯಷ್ಟು ದಪ್ಪವಾಗಿದ್ದರೂ ಮೇಲೆ ಏಳಲು ಪುರಸೊತ್ತು ಸಿಗದ ಗಿಡಗಳು. ನಾಳೆ ಬುಲ್ಡೋಜರ್ ಬರುತ್ತೆ, ಬೇಕಾದರೆ ಒಂದು ಕಿತ್ತುಕೋ ಎಂದು ಗುತ್ತಿಗೆದಾರ ಅಣ್ಣನಿಗೆ ಹೇಳಿದ್ದ. ಚಳಿಗಾಲ ಮುಗಿಯುತ್ತಿತ್ತು, ಚಿಗುರು ಇನ್ನೂ ಒಡೆದಿರಲಿಲ್ಲ. ಗ್ಯಾರೇಜಿನಲ್ಲಿ ಬ್ರೇಕ್ ರಿಪೇರಿ ಮಾಡುತ್ತಿದ್ದ ಅಣ್ಣ ಅವತ್ತು ರಜೆ ಹಾಕಿ, ಬೆಳಗಿನಿಂದ ಮಂಡಿಯೂರಿ ಕೂತು, ಒಂದೊಂದೇ ಬೇರು ಬಿಡಿಸುತ್ತಿದ್ದ.

ಮಧ್ಯಾಹ್ನ ತಮ್ಮ ಕ್ರೇನ್ ತಂದು ನಿಲ್ಲಿಸಿದ. “ಎಷ್ಟೊತ್ತು ಕೆರೀತಾ ಕೂತಿರ್ತೀಯ ಮಾರಾಯ? ಚೈನ್ ಹಾಕಿದ್ರೆ ಎರಡು ನಿಮಿಷ.”

“ಮುಟ್ಟಬೇಡ. ಗೋಣಿಚೀಲ ನೆನೆಸಿ ತರ್ತೀನಿ.”

ಅಣ್ಣ ಬಕೆಟ್ ಹಿಡಿದು ನೀರಿಗೆ ಹೋದ. ಬರುವಷ್ಟರಲ್ಲಿ ಮುಗಿಸಿ ಬೆರಗಾಗಿಸೋಣ ಎಂದು ತಮ್ಮನಿಗೆ ಹುಮ್ಮಸ್ಸು. ಚೈನ್ ಸುತ್ತಿದ, ಎಳೆದ. ಬುಡವೇನೋ ಬಂತು. ಆದರೆ ಕೊಕ್ಕೆ ಜಾರಿ, ಎಲ್ಲಕ್ಕಿಂತ ಕೆಳಗಿನ, ಎಲ್ಲಕ್ಕಿಂತ ಚೆಂದದ ಕೊಂಬೆಯನ್ನು ಗೇಣುದ್ದ ತೊಗಟೆಯ ಸಮೇತ ಸಿಗಿದುಕೊಂಡು ಹೋಯಿತು.

ಅಣ್ಣ ಬಂದು ನೋಡಿದ. ಬೈಯಲಿಲ್ಲ. ಬೇರಿಗೆ ಒದ್ದೆ ಗೋಣಿ ಸುತ್ತಿದ. ಅರ್ಧ ದಾರಿ ಕಳೆದ ಮೇಲೆ, “ಊರಿನ ಗಾಡಿಗಳಿಗೆಲ್ಲ ಬ್ರೇಕ್ ಹಾಕ್ದೆ, ನಿನಗೊಂದು ಹಾಕೋದು ಮರೆತೆ ನೋಡು,” ಎಂದ. ಇಬ್ಬರೂ ನಕ್ಕರು. ತಮ್ಮ ಮಾತ್ರ ಮರದ ಕಡೆ ತಿರುಗಿ ನೋಡಲಿಲ್ಲ.

ಆಮೇಲೆ ಆ ಮರ ಹಿಂದಿನ ಬಾಲ್ಕನಿಯಲ್ಲಿ, ಗಾಯದ ಕಡೆಯನ್ನು ಗೋಡೆಗೆ ತಿರುಗಿಸಿಕೊಂಡು ಕೂತಿತು. ಮೊದಮೊದಲು ಗ್ರೀಸಿನ ತಗಡಿನ ಟ್ರೇಯಲ್ಲಿ, ಆಮೇಲೆ ಮಣ್ಣಿನ ತಟ್ಟೆಯಲ್ಲಿ. ಅಣ್ಣ ಸುಟ್ಟ ಮೋಟರುಗಳಿಂದ ಬಿಚ್ಚಿದ ತಾಮ್ರದ ತಂತಿಯನ್ನು ಕಾಯಿಸಿ ಮೆತ್ತಗೆ ಮಾಡಿ, ಕೊಂಬೆಗಳಿಗೆ ಸುತ್ತಿ ಬಗ್ಗಿಸುತ್ತಿದ್ದ. ತಂತಿ ತೊಗಟೆಯನ್ನು ಕಚ್ಚುವ ಮೊದಲೇ ತುಂಡು ತುಂಡಾಗಿ ಕತ್ತರಿಸಿ ತೆಗೆಯುತ್ತಿದ್ದ. ಎರಡು ಮೂರು ವರ್ಷಕ್ಕೊಮ್ಮೆ ಬೇರು ಸವರುತ್ತಿದ್ದ. ತಮ್ಮ ಮನೆಗೆ ಬಂದಾಗಲೆಲ್ಲ ಹಜಾರದಿಂದಲೇ ಮಾತಾಡಿಸಿ ಹೋಗುತ್ತಿದ್ದ. ತನ್ನ ತಪ್ಪನ್ನು ಅಣ್ಣ ಗೋಡೆಗೆ ತಿರುಗಿಸಿ ಮುಚ್ಚಿದ್ದಾನೆ, ತಾನು ಹೋಗಿ ಇಣುಕುವುದು ಯಾಕೆ ಎಂದು ಅವನ ಲೆಕ್ಕ.

*

“ತಟ್ಟೆ ಪೂರ್ತಿ ತಿರುಗಿಸಿ ಹಿಡೀರಿ, ಹಾಗಾದ್ರೆ ಬಾಗಿಲು ದಾಟುತ್ತೆ,” ಎಂದರು ಮೇಷ್ಟ್ರು, ಸೋತ ದನಿಯಲ್ಲಿ.

ತಿರುಗಿಸಿದರು. ಗೋಡೆಯ ಕಡೆ ಈಗ ತಮ್ಮನ ಮುಖಕ್ಕೆ ನೇರವಾಗಿ ಬಂತು. ಅವನು ನಿಂತಲ್ಲೇ ನಿಂತ.

ಗಾಯದ ಅಂಚುಗಳು ಎರಡು ಕಡೆಯಿಂದಲೂ ಉಬ್ಬಿ, ಒಳಕ್ಕೆ ಹೊರಳಿ, ಹೆಚ್ಚುಕಡಿಮೆ ಒಂದನ್ನೊಂದು ಮುಟ್ಟಿದ್ದವು. ಅದರ ಮೇಲ್ತುದಿಯಲ್ಲಿ, ಸಿಗಿದುಹೋದ ಕೊಂಬೆ ಇದ್ದ ಜಾಗದಲ್ಲೇ, ಒಂದು ಕೊಂಬೆ ಇತ್ತು. ಹೆಬ್ಬೆರಳಿನ ದಪ್ಪ, ಮೈತುಂಬ ಎಲೆ.

“ಇದು... ಇದೆಲ್ಲಿಂದ ಬಂತು? ನಾನೇ ಕಿತ್ತಿದ್ದಲ್ವಾ ಇದನ್ನ?”

ತಟ್ಟೆ ಕೆಳಗಿಳಿಯಿತು. ಮೇಷ್ಟ್ರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. “ಮುಂದಿನ ಕಡೆ ನೋಡಿ. ಆ ಮೇಲಿನ ಕೊಂಬೆಯಿಂದ ಒಂದು ಎಳೇ ಕಡ್ಡಿಯನ್ನ ದಾರದ ಹಾಗೆ ಉದ್ದ ಬೆಳೆಸಿದ. ಬುಡಕ್ಕೆ ಆರಪಾರ ತೂತು ಕೊರೆದು, ಚಿಗುರೋ ಮೊದಲು ಅದನ್ನ ಒಳಗಿಂದ ಹಾಯಿಸಿದ, ಬ್ರೇಕ್ ಪೈಪ್ ಹಾಯಿಸ್ತಾರಲ್ಲ, ಹಾಗೆ. ಈ ಕಡೆ ತುದಿ ಹೊರಬಂತು, ಚಿಗುರಿತು. ಎರಡು ಸಲ ಕೆಟ್ಟುಹೋಯ್ತು. ಇದು ಮೂರನೇದು. ನಾಲ್ಕು ವರ್ಷ ಆಯ್ತು ಇದಕ್ಕೇ.”

ಯಾರೋ “ಅಬ್ಬಾ!” ಎಂದರು. ಪೆಟ್ಟಿಗೆಯ ಸುತ್ತ ಇದ್ದವರು ಒಬ್ಬೊಬ್ಬರಾಗಿ ಎದ್ದು ಬಂದು ಬಾಗಿಲಲ್ಲಿ ಗುಂಪುಗಟ್ಟಿದರು. ಇಷ್ಟು ವರ್ಷ ಪಕ್ಕದಲ್ಲೇ ಇದ್ದವನು, ಕೈಯೆಲ್ಲ ಗ್ರೀಸ್ ಮಾಡಿಕೊಂಡು ಮನೆಗೆ ಬರುತ್ತಿದ್ದವನು, ಇದನ್ನು ಮಾಡಿದನೇ!

“ಒಳಗೆ ಹೋಗೋ ಕಡೆ ಮುಟ್ಟಿ,” ಎಂದರು ಮೇಷ್ಟ್ರು. “ಈಗ ಹೊರಗೆ ಬರೋ ಕಡೆ.”

ಒಳಗೆ ಹೋಗುವ ಕಡೆ ಪೆನ್ಸಿಲ್ಲಿನಷ್ಟು ಸಣ್ಣ. ಹೊರಗೆ ಬರುವ ಕಡೆ ಅದರ ಎರಡರಷ್ಟು.

“ಅಂದ್ರೆ ಬುಡ ಇದನ್ನ ತನ್ನದು ಅಂತ ಒಪ್ಕೊಂಡಿದೆ, ತಾನೇ ಉಣಿಸ್ತಿದೆ. ಆ ಸಣ್ಣ ಕಡ್ಡಿ ಕತ್ತರಿಸಿಬಿಟ್ರೆ ಕೆಲಸ ಪೂರ್ತಿ. ಒಳಗೆ ನಿಜವಾಗ್ಲೂ ಕೂಡಿದ್ರೆ ಎಲೆ ನಿಲ್ಲುತ್ತೆ. ಇಲ್ಲ ಅಂದ್ರೆ ಸಂಜೆಯೊಳಗೆ ಬಾಡಿ ಜೋತುಬೀಳುತ್ತೆ.”

“ಮತ್ತೆ ಕತ್ತರಿಸದೆ ಯಾಕೆ ಬಿಟ್ಟ?”

ಉತ್ತರ ಕೊಟ್ಟವಳು ಅತ್ತಿಗೆ. “ಹೋದ ತಿಂಗಳೇ ಕತ್ತರಿಸಿ ಅಂದ್ರು ಮೇಷ್ಟ್ರು. ಇವರು ಕೇಳಿಲ್ಲ. ಅವನು ಬರ್ಲಿ, ಅವನೇ ಕತ್ತರಿಸ್ಲಿ ಅಂದ್ರು. ನೀನು ಬಂದೆ, ಬಾಗಿಲಲ್ಲೇ ನಿಂತು ಮಾತಾಡಿ ಹೊರಟುಹೋದೆ.”

“ಒಂದು ಮಾತು ಕರೀಬಾರದಿತ್ತಾ ಅತ್ತಿಗೆ?”

“ಮರದ ಮಾತು ಎತ್ತಿದ್ರೆ ಸಾಕು, ಅರ್ಜೆಂಟ್ ಕೆಲಸ ಇದೆ ಅಂತ ಎದ್ದುಬಿಡ್ತಿದ್ದೆ. ತಾನಾಗೇ ಬರ್ತಾನೆ ಬಿಡು, ಅವಸರ ಏನು ಅಂದ್ರು.”

ಅಷ್ಟು ದೊಡ್ಡ ಆಳು ಬಾಗಿಲ ಚೌಕಟ್ಟಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಬೆಳಗಿನಿಂದ ಅವನು ಅತ್ತಿರಲಿಲ್ಲ.

ಮೇಷ್ಟ್ರು ಅಣ್ಣನ ಕತ್ತರಿಯನ್ನು ತಂದು ಮುಂದೆ ಹಿಡಿದರು.

“ನೀವೇ ಕತ್ತರಿಸಿ. ನನ್ನ ಕೈಯಲ್ಲಿ ಬೇಡ. ಇದು ಚೈನ್ ಹಾಕೋ ಕೈ, ಇನ್ನೊಂದು ಸಲ ಕೆಡಿಸಿದ್ರೆ?”

“ಹಾಗಾದ್ರೆ ತಗೊಂಡು ಹೋಗಿ ಗುಂಡಿಗೆ ಹಾಕು,” ಎಂದಳು ಅತ್ತಿಗೆ. ಅವಳ ದನಿ ಏರಲಿಲ್ಲ. “ಅವರ ಜೊತೆ ಅದೂ ಹೋಗ್ಲಿ.”

ತಮ್ಮ ಅಂಗಿಯ ತೋಳಿಗೆ ಮುಖ ಒರೆಸಿಕೊಂಡ. ಕತ್ತರಿ ತಗೊಂಡ. ಸಣ್ಣ ಕಡ್ಡಿ ಒಳಹೋಗುವಲ್ಲಿ ಬುಡಕ್ಕೆ ತಾಗಿದಂತೆ ಇಟ್ಟ, ತೆಗೆದ, ಮತ್ತೆ ಇಟ್ಟ. ಮಗಳು ತಟ್ಟೆಯನ್ನು ಅಲುಗದಂತೆ ಒತ್ತಿದಳು. ಚಿಟ್ ಎಂದಿತು, ಅಷ್ಟೇ. ಎರಡೂವರೆ ಗಂಟೆಯಾಗಿತ್ತು. ಮರವನ್ನು ಬಾಲ್ಕನಿಯ ಗಿಡ್ಡ ಮಣೆಯ ಮೇಲೆ ಮೊದಲಿನ ಜಾಗದಲ್ಲೇ ಇಟ್ಟರು. ಗಾಯದ ಕಡೆಯನ್ನು ಮಾತ್ರ ಮುಂದಕ್ಕೆ ತಿರುಗಿಸಿದರು.

*

ಸ್ಮಶಾನದಲ್ಲಿ ಗುಂಡಿ ತೋಡಿದವನು, “ಗಿಡ ಎಲ್ಲಿ?” ಎಂದು ಕೇಳಿದ. ತಮ್ಮ ಅವನ ಕೈಯಿಂದ ಸಲಿಕೆ ತಗೊಂಡು ಚಿಕ್ಕ ಗುಂಡಿಯನ್ನು ತಾನೇ ಮುಚ್ಚಿದ. ದುಃಖದಲ್ಲಿ ಇವನಿಗೆ ಯಾವ ಗುಂಡಿ ಅಂತಲೂ ತಿಳಿಯುತ್ತಿಲ್ಲ ಎಂದು ದೂರದ ನೆಂಟರೊಬ್ಬರು ಪಿಸುಗುಟ್ಟಿದರು. ಪೆಟ್ಟಿಗೆ ಇಳಿಯುವಾಗಲೂ ಅವನ ತಲೆಯಲ್ಲಿ ಎಲೆಗಳೇ. ಬಿಸಿಲು ಜೋರಾಗಿತ್ತು. ಎರಡು ಸಲ ಗಡಿಯಾರ ನೋಡಿಕೊಂಡು, ನಾಚಿಕೆಯಾಗಿ ಕೈ ಹಿಂದಕ್ಕೆ ಕಟ್ಟಿಕೊಂಡ. ಅಣ್ಣನಾಗಿದ್ದರೂ ಇದನ್ನೇ ಮಾಡುತ್ತಿದ್ದ ಅನ್ನಿಸಿ ಸ್ವಲ್ಪ ಹಗುರವಾಯಿತು.

ಮನೆಗೆ ಬಂದಾಗ ಆರು ಗಂಟೆ. ಎಲ್ಲರೂ ಹಜಾರದಲ್ಲಿ ಕುಸಿದು ಕೂತರು. ಅವನು ಮಾತ್ರ ಬೂಟೂ ಬಿಚ್ಚದೆ ನೇರ ಹಿಂದಕ್ಕೆ ಹೋದ. ಎಷ್ಟು ಹೊತ್ತಾದರೂ ಸದ್ದಿಲ್ಲ. ಎಲೆ ಬಾಡಿಬಿಟ್ಟಿತೇ ಎಂದುಕೊಂಡಳು ಅತ್ತಿಗೆ. ಎದ್ದು ಹೋಗಿ ನೋಡಿದಳು.

ಅವನು ಬಾಲ್ಕನಿಯ ನೆಲದ ಮೇಲೆ ಅಂಗಾತ ಮಲಗಿದ್ದ, ತಲೆ ಮಣೆಯ ಕಾಲಿಗೆ ತಾಗಿಕೊಂಡು. ಕಣ್ಣು ತೆರೆದೇ ಇತ್ತು.

“ಇಲ್ಲಿ ಬನ್ನಿ ಅತ್ತಿಗೆ. ಕೆಳಗಿಂದ ನೋಡ್ಬೇಕು ಇದನ್ನ.”

ಅವಳು ಗೋಡೆ ಹಿಡಿದುಕೊಂಡು ಮೊಣಕಾಲೂರಿದಳು, ಆಮೇಲೆ ಅವನ ಪಕ್ಕದಲ್ಲಿ ಹಾಗೇ ಒರಗಿದಳು. ಅಲ್ಲಿಂದ ಆಕಾಶವೆಲ್ಲ ಮರವೇ ಆಗಿತ್ತು. ಬುಡ ಮೇಲೇರಿ ಏರಿ ಕವಲೊಡೆದು ಎಲ್ಲೋ ಎತ್ತರದಲ್ಲಿ ಕಾಣೆಯಾಗುತ್ತಿತ್ತು. ಅವರಿಬ್ಬರ ತಲೆಯ ಮೇಲೆ ಗೋಡೆಯ ಕಡೆಯ ಕೊಂಬೆ ಚಾಚಿತ್ತು, ಅದರ ಗರಗಸದಂಚಿನ ಎಲೆಗಳು ಒಂದೂ ಬಾಡದೆ ಸಂಜೆಯ ಗಾಳಿಗೆ ಅಲುಗುತ್ತಿದ್ದವು.