ಹುಲ್ಲಿನ ಚಿತ್ರದ ಪೆಟ್ಟಿಗೆ

ಮುಳಬಾಗಿಲಿನ ಹೆದ್ದಾರಿ ಬದಿಯ ಅಂಗಡಿಯಲ್ಲಿ ಅರ್ಪಿತ ಎರಡು ಬಗೆಯ ಮಾವಿನ ಪೆಟ್ಟಿಗೆಗಳನ್ನು ಅಕ್ಕಪಕ್ಕ ಜೋಡಿಸಿದಳು. ಒಳಗಿನ ಹಣ್ಣು ಒಂದೇ, ಬೆಲೆಯೂ ಒಂದೇ. ಒಂದರ ಮೇಲೆ ಹೆಸರು ಮಾತ್ರ. ಇನ್ನೊಂದರ ಮೇಲೆ ಹೊಂಬಣ್ಣದ ಹುಲ್ಲಿನ ಚಿತ್ರ, ಕೆಳಗೆ ‘ಹುಲ್ಲಿನಲ್ಲಿ ಮಾಗಿದ್ದು’ ಎಂಬ ಸಾಲು. ಮನಶ್ಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ವಿನ್ಯಾಸಕ್ಕಿಳಿದ ಅವಳಿಗೆ ಇದು ಮೊದಲ ದೊಡ್ಡ ಕೆಲಸ. ಪಕ್ಕದಲ್ಲೇ ನಿಂತಿದ್ದ ಶ್ರೀನಿವಾಸಪುರದ ಮಂಡಿ ಮಾಲೀಕ ಕದಿರೇಶ ಒಪ್ಪಿದರೆ ಈ ಸೀಸನ್ನಿನ ಪೆಟ್ಟಿಗೆಗಳ ವಿನ್ಯಾಸವೆಲ್ಲ ಅವಳದೇ.

ಕಾರುಗಳು ನಿಂತವು. ಹುಲ್ಲಿನ ಪೆಟ್ಟಿಗೆಗಳು ಕರಗತೊಡಗಿದವು. ಅರ್ಪಿತಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

“ನೋಡಿದ್ರಾ ಸರ್, ಕಣ್ಣು ಮೊದಲು ಹುಲ್ಲಿಗೇ ಹೋಗುತ್ತೆ. ಅಜ್ಜಿ ಮನೆ ನೆನಪಾಗುತ್ತೆ. ಆಮೇಲೆ ಹಣ್ಣು ಒತ್ತಿ ನೋಡೋದನ್ನೇ ಮರೀತಾರೆ.”

“ನೀನು ಡಿಸೈನರ್ ಅಲ್ಲ ಕಣಮ್ಮ, ಮಾಟಗಾತಿ,” ಎಂದ ಕದಿರೇಶ.

ನಿಜಕ್ಕೂ ಆ ಹಣ್ಣು ಮಾಗಿದ್ದು ಎಥಿಲೀನ್ ಗ್ಯಾಸ್ ಬಿಟ್ಟ ಕೋಣೆಯಲ್ಲಿ. ಅದರಿಂದ ಅಪಾಯವಿಲ್ಲವೆಂದು ಅರ್ಪಿತ ಓದಿ ತಿಳಿದಿದ್ದಳು. ಹಾಗಾಗಿ ಆ ಸಾಲು ಯಾರಿಗೂ ಕೆಡುಕು ಮಾಡದು ಎಂದುಕೊಂಡಿದ್ದಳು.

ಪಕ್ಕದಲ್ಲೇ ರಾಯಲ್ಪಾಡಿನ ಮುನಿಯಲ್ಲಮ್ಮ ಬುಟ್ಟಿ ಇಟ್ಟು ಕೂತಿದ್ದಳು. ಮನೆಯಲ್ಲಿ ಬತ್ತದ ಹುಲ್ಲು ಹಾಸಿ ಮಾಗಿಸಿದ ಹಣ್ಣು. ಎಳೆಗಳು ಇನ್ನೂ ಅಂಟಿಕೊಂಡಿದ್ದವು. ಅವಳ ಹತ್ತಿರ ಚೌಕಾಸಿ ಮುಗಿಸಿದ್ದ ಹೆಂಗಸೊಬ್ಬಳು ತಟ್ಟನೆ ಪೆಟ್ಟಿಗೆಯತ್ತ ತಿರುಗಿದಳು. “ಇದರ ಮೇಲೆ ಹುಲ್ಲಲ್ಲಿ ಮಾಗಿದ್ದು ಅಂತ ಬರೆದೇ ಬಿಟ್ಟಿದ್ದಾರಲ್ಲ,” ಎಂದು ಅದನ್ನೇ ಕೊಂಡು ಹೋದಳು.

“ಏಮ್ಮಾ, ನಿಮ್ಮ ಹುಲ್ಲು ಯಾವ ಗದ್ದೇದು?” ಮುನಿಯಲ್ಲಮ್ಮ ಕೇಳಿದಳು. “ಒಂದು ಕಂತೆ ನನಗೂ ಕೊಡು. ನನ್ನ ಹುಲ್ಲಿಗೆ ಗಿರಾಕೀನೇ ಬರಲ್ಲ.”

ಕದಿರೇಶ ನಕ್ಕ. ಅರ್ಪಿತ ನಗಲಿಲ್ಲ. ತನ್ನ ಚಿತ್ರ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೋ ಈ ಬುಟ್ಟಿ ಅಷ್ಟೇ ತುಂಬಿ ಉಳಿಯುತ್ತದೆ.

“ಸರ್, ಆ ಸಾಲು ತೆಗೀಬೇಕು.”

“ಗ್ಯಾಸ್ ಅಂತ ಬರೆದ್ರೆ ಯಾವನು ಮುಟ್ತಾನೆ?”

ಗ್ಯಾಸ್ ಕೋಣೆಗೆ ಹೊರಟಿದ್ದ ಕಾಯಿಗಳು ಅವನ ಟೆಂಪೋದಲ್ಲಿದ್ದವು. ಅವನ್ನು ಕಂಡದ್ದೇ ಅರ್ಪಿತ ಒಂದು ಕಾಯಿ ಕೈಗೆತ್ತಿಕೊಂಡಳು. “ಕಾಯೇ ಮಾರೋಣ. ಜೊತೆಗೆ ನಿಜವಾದ ಹುಲ್ಲು. ಮಾಗಿಸೋದು ಅವರೇ. ತಾವೇ ಮಾಡಿದ್ದರ ಮೇಲೆ ಜನಕ್ಕೆ ಮೋಹ ಜಾಸ್ತಿ ಸರ್. ಇದೂ ಮನಶ್ಶಾಸ್ತ್ರವೇ, ಸುಳ್ಳಿಲ್ಲದ್ದು.”

“ಓಡದಿದ್ರೆ?”

“ಓಡದಿದ್ರೂ ಹುಲ್ಲಿನ ಚಿತ್ರ ನಾನು ಕೊಡಲ್ಲ. ಬೇರೆಯೋರ ಹತ್ರ ಮಾಡಿಸ್ಕೊಳ್ಳಿ.”

ಬರೀ ಹೆಸರಿದ್ದ ನಾಲ್ಕಾರು ಪೆಟ್ಟಿಗೆಗಳ ಮೇಲೆ ಅವಳು ಮಾರ್ಕರಿನಲ್ಲಿ ಬರೆದಳು: ‘ಕಾಯಿ ನಮ್ಮದು, ಮಾಗಿಸೋದು ನೀವು.’ ಮುನಿಯಲ್ಲಮ್ಮನ ಹತ್ತಿರ ಹುಲ್ಲು ಕೊಂಡು, ಕದಿರೇಶ ಗೊಣಗುತ್ತಲೇ ಟೆಂಪೋದಿಂದ ಇಳಿಸಿದ ಕಾಯಿಗಳ ಜೊತೆ ತುಂಬಿದಳು. ಹಲವರು ಓದಿ, ಹಸಿರು ಕಾಯಿ ನೋಡಿ ಮುಂದೆ ಹೋದರು. ಕೊನೆಗೆ ಗಂಡ ಹೆಂಡತಿ ಇಬ್ಬರು ನಿಂತರು.

“ದಿನಾ ಮಗುಚಿ ಹಾಕಬೇಕು, ಘಮ ಬರೋ ತನಕ,” ಎಂದು ಮುನಿಯಲ್ಲಮ್ಮ ಹೇಳಿಕೊಟ್ಟಳು.

“ಇವರು ಗಂಟೆಗೊಂದ್ಸಲ ಕೆದಕ್ತಾರೆ,” ಎಂದಳು ಹೆಂಡತಿ.

“ಅದಕ್ಕೇ ಎರಡು ಪೆಟ್ಟಿಗೆ ತಗೋ, ಒಂದು ನಾನು ಕೆದಕೋಕೆ,” ಎಂದ ಗಂಡ.

ಸಂಜೆ ಕದಿರೇಶ ಗೊಣಗಿದ. “ಚಿತ್ರದಷ್ಟು ಓಡಲಿಲ್ಲ.”

“ಇಲ್ಲ ಸರ್.”

“ಆದ್ರೂ ಈ ಹೊಸ ಸಾಲು ಸ್ವಲ್ಪ ಪ್ರಿಂಟ್ ಹಾಕಿಸಿ ನೋಡಾಣ. ಹುಲ್ಲಿನ ಚಿತ್ರ ಬಿಡು, ಇಲ್ದಿದ್ರೆ ಈ ಮುನಿಯಲ್ಲಮ್ಮ ದಿನಾ ಕಾಲೆಳೀತಾಳೆ.”

ಆಗಲೇ ಅರ್ಪಿತ ಮಾರ್ಕರ್ ಹಿಡಿದು ಮುಂದಿನ ಪೆಟ್ಟಿಗೆಯ ಮುಂದೆ ಕೂತಿದ್ದಳು.