ಮೊದಲ ಮಾತು

ಸುಹಾಸಿನಿ ಬೇಯಿಸಿದ ಮೊಟ್ಟೆಗಳ ಸಿಪ್ಪೆ ಬಿಡಿಸುತ್ತಿದ್ದಳು. ಸಿಂಕಿನ ಅಂಚಿಗೆ ತಟ್ಟಿದರೆ ಸದ್ದಾದೀತೆಂದು ಅಂಗೈಯಲ್ಲೇ ಒತ್ತಿ ಉರುಳಿಸುತ್ತಿದ್ದಳು. ಪಕ್ಕದಲ್ಲಿ ಚಹಾ ಸೋಸುತ್ತಿದ್ದ ಗಂಡ ಪ್ರಬೋಧನೂ ಮಾತಾಡಲಿಲ್ಲ. ಈ ಕ್ರೈಸ್ತ ಮನೆಯಲ್ಲಿ ದಿನದ ಮೊದಲ ಮಾತು ದೇವರಿಗೆ. ಆತನಿಗೆ ಸ್ತೋತ್ರ, ಅಂದರೆ ಧನ್ಯವಾದ, ಹೇಳುವ ಮುಂಚೆ ಯಾರೂ ತುಟಿ ಬಿಚ್ಚುವಂತಿಲ್ಲ, ಫೋನು ಮುಟ್ಟುವಂತಿಲ್ಲ. ಮಲಗುವ ಮೊದಲೇ ಎಲ್ಲರ ಫೋನುಗಳೂ ಅತ್ತೆಯ ಕೋಣೆಯ ಬುಟ್ಟಿ ಸೇರುತ್ತಿದ್ದವು.

ಅತ್ತೆ ಜಯವಂತಿ ಗದಗಿನಿಂದ ಅಮೆರಿಕಕ್ಕೆ ನರ್ಸ್ ಆಗಿ ಬಂದವರು. ಗಂಡ ತೀರಿಕೊಂಡ ಮೇಲೆ ನೈಟ್ ಡ್ಯೂಟಿ ಮಾಡಿ ಸಮರ್‌ಸೆಟ್‌ನ ಈ ಟೌನ್‌ಹೌಸ್ ಕೊಂಡವರು. ಅದನ್ನು ಯಾರೂ ಮರೆಯದಂತೆ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಮೇಜಿನ ಸುತ್ತ ಕೂತು ಒಬ್ಬೊಬ್ಬರೂ ಹೊಸ ಕಾರಣವೊಂದಕ್ಕೆ ಸ್ತೋತ್ರ ಹೇಳಬೇಕು. ನಿನ್ನೆಯದನ್ನೇ ಇವತ್ತು ಹೇಳಿದರೆ ನಡೆಯದು.

ಸುಹಾಸಿನಿಗೆ ಆ ವಾರ ಬೇರೇನೂ ತೋಚುತ್ತಿರಲಿಲ್ಲ. ತವರೂರು ಬೆಟಗೇರಿಯಲ್ಲಿ ಅಪ್ಪ ಆಸ್ಪತ್ರೆ ಸೇರಿದ್ದ. ಗ್ರೀನ್ ಕಾರ್ಡ್ ಇಂಟರ್‌ವ್ಯೂ ನಾಡಿದ್ದಿದೆ, ಈಗ ದೇಶ ಬಿಟ್ಟರೆ ಅರ್ಜಿಯೇ ಬಿದ್ದುಹೋಗುತ್ತದೆ, ಮುಗಿಸಿಕೊಂಡು ಹೋಗು ಎಂದು ಅತ್ತೆ, ಗಂಡ ಇಬ್ಬರೂ ಹೇಳಿಬಿಟ್ಟಿದ್ದರು. ಅವಳು ದಿನಾ, "ಅಪ್ಪ ಇನ್ನೂ ಅದಾನ, ಸ್ತೋತ್ರ" ಎನ್ನುತ್ತಿದ್ದಳು.

"ದೇವರಿಗೂ ಬ್ಯಾಸರ ಬಂದಿರಬೇಕು," ಎಂದಿದ್ದರು ಅತ್ತೆ ನಿನ್ನೆ. "ಉಣ್ಣಾಕ ಕೊಟ್ಟಾನ, ಬೆಚ್ಚಗ ಇಟ್ಟಾನ, ಇಂಥಾ ಗಂಡನ್ನ ಕೊಟ್ಟಾನ. ಒಂದರ ನೆನಪಾಗೂದಿಲ್ಲೇನ? ಎಂಟನೇತ್ತಾಗ ಸಾಲಿ ಬಿಟ್ಟಾಕಿಗೆ ಎಷ್ಟಂತ ನೆನಪಿದ್ದೀತು, ಬಿಡು."

ಇವತ್ತು ಪ್ರಬೋಧ ಮೊದಲು ಹೇಳಿದ. ಆಫೀಸಿನಲ್ಲಿ ಮತ್ತೊಂದು ಲೇಆಫ್ ಆಯಿತು, ತನ್ನ ಹೆಸರು ಬರಲಿಲ್ಲ, ಸ್ತೋತ್ರ. ಆಮೇಲೆ ಅತ್ತೆಯ ಸರದಿ. ಅವರ ಪ್ರಾರ್ಥನೆ ಒಂದು ಕಾರಣಕ್ಕೆ ನಿಲ್ಲುತ್ತಿರಲಿಲ್ಲ. ದೇವರ ಮುಂದೆ ತಾನು ಏನನ್ನೂ ಮುಚ್ಚಿಡುವವಳಲ್ಲ ಎಂಬುದು ಅವರ ಹೆಮ್ಮೆ. ಸುಹಾಸಿನಿ ಕಣ್ಣು ಮುಚ್ಚಿರಲಿಲ್ಲ. ಮುಚ್ಚಿದಂತೆ ತಲೆ ತಗ್ಗಿಸಿ ಇಬ್ಬರನ್ನೂ ನೋಡುತ್ತಿದ್ದಳು.

"ಮೊಣಕಾಲ ಬ್ಯಾನಿ ಇಳಿಸಿದಿ, ಸ್ತೋತ್ರ. ಹೀಟರ್ ಕೆಟ್ಟಿದ್ದು ರಿಪೇರಿ ಆತು, ಸ್ತೋತ್ರ. ನಮ್ಮ ಬೀಗರನ್ನ ಭಾಳ ನರಳಸದ ನಿನ್ನ ಹತ್ರ ಕರಕೊಂಡಿ, ಸ್ತೋ..."

ಅಲ್ಲಿಗೆ ದನಿ ನಿಂತಿತು. ಪ್ರಬೋಧ ಥಟ್ಟನೆ ಕಣ್ಣು ತೆರೆದ. ಹೆಂಡತಿಯ ಕಡೆ ನೋಡಲಿಲ್ಲ, ತಾಯಿಯನ್ನು ದುರುಗುಟ್ಟಿ ನೋಡಿದ. ಇವನಿಗೂ ಗೊತ್ತಿತ್ತು ಎಂದು ಸುಹಾಸಿನಿಗೆ ತಿಳಿಯಲು ಅಷ್ಟು ಸಾಕಾಯಿತು.

"ಆಮೆನ್," ಎಂದ ಅವನು ಅವಸರದಲ್ಲಿ.

"ಅಪ್ಪ ಯಾವಾಗ ಹೋದ, ಅತ್ತೀ?"

ಜಯವಂತಿ ಸೆರಗು ಸರಿಮಾಡಿಕೊಂಡರು. "ರಾತ್ರಿ ನಿಮ್ಮಣ್ಣನ ಫೋನ್ ಬಂದಿತ್ತು. ನೀ ಮಲಗಿದ್ದಿ. ಅತ್ತು ಕರದು ಆಫೀಸರ್ ಮುಂದ ಏನರ ಒದರೀದಿ ಅಂತ ಹೇಳಲಿಲ್ಲ. ನಿನ್ನ ಒಳ್ಳೇದಕ್ಕ."

"ನನ್ನ ಫೋನಿಗೇ ಬಂದಿತ್ತೇನ್ರಿ?"

"ನಿಂದಕ್ಕ ಬಂದ್ರೇನು, ನಂದಕ್ಕ ಬಂದ್ರೇನು. ತಂಗಿ ಬರೂದಾದ್ರ ಐಸಿನ್ಯಾಗ ಇಡತೀವಿ ಅಂದ. ಬರೂದಿಲ್ಲ, ಮಣ್ಣು ಮಾಡ್ರಿ ಅಂತ ನಾನ ಹೇಳೀನಿ."

"ಸುಹಾಸಿ, ಬಿ ಪ್ರಾಕ್ಟಿಕಲ್," ಎಂದ ಪ್ರಬೋಧ. "ಹೋದವರು ಹೋದ್ರು. ಎರಡು ವರ್ಷ ಕಾದು ಬಂದಿರೋ ಇಂಟರ್‌ವ್ಯೂ."

ಅತ್ತೆ ಮತ್ತೆ ಕೈ ಜೋಡಿಸಿದರು. "ನಿಂದು ಹೇಳು. ದುಃಖದಾಗೂ ಸ್ತೋತ್ರ ಹೇಳಾಕಿನ ಖರೇ ವಿಶ್ವಾಸಿ. ಮೊದಲು ಹೇಳು, ಆಮ್ಯಾಲ ಅಳು. ಚಹಾ ಆರತೈತಿ."

ಸುಹಾಸಿನಿ ಕೈ ಜೋಡಿಸಿದಳು. ಈ ಸಲ ತಲೆ ತಗ್ಗಿಸಲಿಲ್ಲ.

"ದೇವರೇ, ನನಗ ಹೇಳಬಾರದು ಅಂತಿದ್ದದ್ದನ್ನ ಅತ್ತಿ ನಿನಗ ಹೇಳಿದರು. ನಾ ಬಾಜೂಕ ಕೂತಿದ್ದೆ. ಸ್ತೋತ್ರ."

"ನಾಲಿಗಿ ಬಂತು ನೋಡು ಈ ಮೂಕಿಗೆ," ಎಂದರು ಜಯವಂತಿ. "ಹೋಗ್ತೀಯೇನು? ಹೋಗು. ಹ್ವಾದ್ರ ಇಂವಾ ಮತ್ತ ನಿನ್ನ ಕರಸೂದಿಲ್ಲ, ತಿಳಕೊ."

ಅವಳು ಗಂಡನತ್ತ ನೋಡಿದಳು. ಹಾಗಲ್ಲ ಎಂದು ಅವನು ಹೇಳಬಹುದಿತ್ತು. ಅವನು ಚಹಾದ ಕಪ್ಪನ್ನು ಹತ್ತಿರ ಎಳೆದುಕೊಂಡ. ಅವಳು ಎದ್ದು ಅತ್ತೆಯ ಕೋಣೆಗೆ ನಡೆದು ಬುಟ್ಟಿಯಿಂದ ತನ್ನ ಫೋನು ತೆಗೆದುಕೊಂಡಳು. ಇಂಟರ್‌ವ್ಯೂಗೆಂದು ಜೋಡಿಸಿಟ್ಟಿದ್ದ ಕಾಗದಗಳ ನಡುವಿನಿಂದ ಪಾಸ್‌ಪೋರ್ಟ್ ಎಳೆದಳು. ಒಳಗಿನಿಂದಲೇ ಅಣ್ಣನಿಗೆ ಫೋನು ಮಾಡಿ, ಇನ್ನೂ ಮಣ್ಣು ಆಗಿಲ್ಲವೆಂದು ತಿಳಿದು, "ಐಸಿನ್ಯಾಗ ಇಡ್ರಿ, ನಾ ಬರತೀನಿ" ಎಂದಳು.

ಅವಳು ಕೋಟು, ಬೂಟು ಹಾಕಿಕೊಂಡು ಬಂದಾಗ ತಾಯಿ ಮಗ ಕೂತಲ್ಲೇ ಕೂತಿದ್ದರು. ಡ್ರೈವಿಂಗ್ ಅವಳಿಗೆ ಬರುತ್ತಿರಲಿಲ್ಲ, ಕಲಿಸುತ್ತೇನೆಂದವನು ಕಲಿಸಿರಲಿಲ್ಲ.

"ರೀ, ನನ್ನ ಏರ್‌ಪೋರ್ಟಿಗೆ ಬಿಟ್ಟು ಬರ್ರಿ."

"ಹೊರಗೆ ಹಿಮ ಬಿದ್ದಿದೆ," ಎಂದ ಪ್ರಬೋಧ ಕಿಟಕಿಯಾಚೆ ನೋಡಿ. ಹಿಮ ತಳ್ಳುವ ಗಾಡಿಯೊಂದು ಹಳದಿ ದೀಪ ತಿರುಗಿಸುತ್ತ, ರಸ್ತೆ ತೆರವು ಮಾಡುತ್ತ ಮನೆ ಮುಂದೆ ಹಾದುಹೋಯಿತು.